ಕಕ್ಕಬೆಯ ವಿದೇಶಾಂಗ ನೀತಿ

ನೆರೆಹೊರೆಯ ಎರಡು ರಾಜ್ಯಗಳ ನಡುವೆ ಜಗಳವೇ ಹುಟ್ಟದಂತೆ ನೋಡಿಕೊಳ್ಳುವ ಉಪಾಯವೊಂದು ಬ್ರಿಟಿಷರಿಗೆ ಹೊಳೆದಿತ್ತು. ಎರಡೂ ಕಡೆಗೆ ಒಬ್ಬನನ್ನೇ ಕೂರಿಸುವುದು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂತಿರುಗಿಸಿದ ಮೇಲೆ ಬೆಂಗಳೂರಿನಲ್ಲಿ ಮೈಸೂರು ರೆಸಿಡೆಂಟ್ ಎಂಬ ಸಾಹೇಬರೊಬ್ಬರು ಇರುತ್ತಿದ್ದರು. ಮಹಾರಾಜರ ಸರ್ಕಾರದ ಬಳಿ ಸಾಮ್ರಾಜ್ಯದ ಪ್ರತಿನಿಧಿ, ಅಂದರೆ ಹೆಚ್ಚುಕಡಿಮೆ ರಾಯಭಾರಿ. ಅದೇ ಸಾಹೇಬರು, ಅದೇ ಕುರ್ಚಿಯಲ್ಲಿ, ಅದೇ ಲೇಖನಿಯಿಂದ, ಕೊಡಗಿನ ಚೀಫ್ ಕಮಿಷನರ್ ಕೂಡ. ಮೈಸೂರಿಗೆ ರಾಯಭಾರಿ, ಪಕ್ಕದ ಕೊಡಗಿಗೆ ದೊರೆ.

ಇದರ ಅನುಕೂಲವನ್ನು ಊಹಿಸಿ ನೋಡಿ. ಪಿರಿಯಾಪಟ್ಟಣದ ದನಗಳು ಗಡಿ ದಾಟಿ ಬಂದು ಕೊಡಗಿನ ಯಾರದೋ ಗದ್ದೆ ಮೇಯ್ದವು ಅನ್ನಿ. ಮಡಿಕೇರಿಯ ಕಮಿಷನರರಿಂದ ಬೆಂಗಳೂರಿನ ಚೀಫ್ ಕಮಿಷನರರಿಗೆ ವರದಿ ಹೋಗುತ್ತದೆ. ಚೀಫ್ ಕಮಿಷನರರು ಬೆಳಿಗ್ಗೆ ಅದನ್ನು ಓದಿ ಕೆಂಡವಾಗುತ್ತಾರೆ. ‘ನನ್ನ ಪ್ರಜೆಗಳ ಗದ್ದೆ!’ ಎಂದು ಮೈಸೂರು ರೆಸಿಡೆಂಟರಿಗೆ ಖಾರವಾಗಿ ಒಂದು ಪತ್ರ ಬರೆಯುತ್ತಾರೆ. ಮಧ್ಯಾಹ್ನದ ಊಟವಾಗಿ ಸಣ್ಣ ನಿದ್ದೆ ತೆಗೆದ ಮೇಲೆ ರೆಸಿಡೆಂಟರು ಆ ಪತ್ರವನ್ನು ಒಡೆಯುತ್ತಾರೆ. ‘ಈ ಕೊಡಗಿನವರದ್ದು ಯಾವಾಗಲೂ ಇದ್ದದ್ದೇ’ ಎಂದು ನಿಟ್ಟುಸಿರು ಬಿಟ್ಟು, ವಿಷಯ ಪರಿಶೀಲನೆಯಲ್ಲಿದೆ ಎಂದು ಸಮಾಧಾನದ ಉತ್ತರ ಬರೆಯುತ್ತಾರೆ. ಮಾರನೆಯ ಬೆಳಿಗ್ಗೆ ಚೀಫ್ ಕಮಿಷನರರು ಆ ಉತ್ತರವನ್ನು ಓದಿ ತೃಪ್ತರಾಗುತ್ತಾರೆ. ಟಪಾಲು ಖರ್ಚೂ ಇಲ್ಲ, ಕುರ್ಚಿಯನ್ನು ಕೊಂಚ ಆಚೆ ತಿರುಗಿಸಿದರೆ ಮುಗಿಯಿತು. ಗದ್ದೆಯವನ ಗತಿಯೇನು ಎನ್ನಬೇಡಿ. ರಾಜತಾಂತ್ರಿಕತೆಯಲ್ಲಿ ಗದ್ದೆಯವನು ಬರುವುದಿಲ್ಲ.

ದನದ ಕಥೆ ನನ್ನದು. ಕುರ್ಚಿಯ ಕಥೆ ನಿಜ. 1881ಕ್ಕೆ ಮೊದಲು ವ್ಯವಸ್ಥೆ ಇನ್ನೂ ಸರಳವಾಗಿತ್ತು: ಮೈಸೂರಿನ ಅಧಿಕಾರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಕಿತ್ತುಕೊಂಡು, 1834ರಲ್ಲಿ ಕೊಡಗನ್ನೂ ನುಂಗಿ, ಎರಡನ್ನೂ ಮಾರ್ಕ್ ಕಬ್ಬನ್ ಒಬ್ಬರೇ ದಶಕಗಳ ಕಾಲ ನೋಡಿಕೊಂಡರು. ಆ ಕಬ್ಬನ್ ಕಟ್ಟಿಸಿದ ರೆಸಿಡೆನ್ಸಿಯೇ ಇಂದಿನ ಬೆಂಗಳೂರಿನ ರಾಜಭವನ. ಕೊಡಗಿಗೆಂದೇ ಬೇರೆ ಚೀಫ್ ಕಮಿಷನರ್ ಬಂದದ್ದು 1940ರ ಹೊತ್ತಿಗೆ. ಬ್ರಿಟಿಷರು ಪೆಟ್ಟಿಗೆ ಕಟ್ಟಲು ಶುರುಮಾಡಿದ್ದ ಕಾಲ.

ಇದನ್ನೆಲ್ಲ ಹೇಳಲು ಕೊಡಗಿನ ಹಳ್ಳಿ ಕಕ್ಕಬೆಯವರಿಗೇನು ಅಧಿಕಾರ ಎಂದು ಮಡಿಕೇರಿಯವರು ಮೂಗು ಮುರಿಯಬಹುದು. ಸ್ವಾಮಿ, ಕೊಡಗಿನ ಪುತ್ತರಿಗೆ ಮುಹೂರ್ತ ಇಡುವುದು ಇಂದಿಗೂ ನಮ್ಮ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ. ಜಿಲ್ಲಾಧಿಕಾರಿಯ ಕಚೇರಿಯಲ್ಲಲ್ಲ, ವಿಧಾನಸೌಧದಲ್ಲೂ ಅಲ್ಲ. ಹೊಸ ಅಕ್ಕಿ ಯಾವಾಗ ಉಣ್ಣಬೇಕೆಂದು ಇಡೀ ನಾಡಿಗೆ ಅಪ್ಪಣೆ ಕೊಡುವ ಊರಿಗೆ ವಿದೇಶಾಂಗ ನೀತಿಯ ಬಗ್ಗೆ ನಾಲ್ಕು ಮಾತಾಡುವ ಹಕ್ಕಿಲ್ಲವೆ? ಸಾಲದ್ದಕ್ಕೆ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಯವಕಪಾಡಿಯಲ್ಲಿ, ನಾಲ್ಕುನಾಡು ಅರಮನೆ ಇದೆ. ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ್ದು. ಕೊಡಗಿನ ಸ್ವಾತಂತ್ರ್ಯದ ಕೊನೆಯ ಕೆಲವು ದಿನಗಳು ಕಳೆದದ್ದೂ ಆ ಮನೆಯಲ್ಲೇ. ಅದು ಆಮೇಲೆ.

ಈ ದೊಡ್ಡವೀರರಾಜೇಂದ್ರ ಸಾಮಾನ್ಯನಲ್ಲ. ಟಿಪ್ಪು ಸುಲ್ತಾನ ಇವನನ್ನು ಪಿರಿಯಾಪಟ್ಟಣದ ಕೋಟೆಯಲ್ಲಿ ಇಟ್ಟಿದ್ದ, 1788ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದ. ಬಂದವನು 1790ರ ಅಕ್ಟೋಬರಿನಲ್ಲಿ ತಲಚೇರಿಯ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯಸ್ಥ ರಾಬರ್ಟ್ ಟೇಲರ್ ಜತೆ ಒಂದು ಒಪ್ಪಂದ ಮಾಡಿಕೊಂಡ. ಅದರ ಷರತ್ತುಗಳು ಇಂದಿಗೂ ಓದಿ ಸವಿಯುವಂಥವು. ಸೂರ್ಯ ಚಂದ್ರರು ಇರುವವರೆಗೆ ಉಭಯರೂ ಮಾತಿಗೆ ತಪ್ಪಬಾರದು. ಟಿಪ್ಪು ಇಬ್ಬರಿಗೂ ಶತ್ರು. ಕೊಡಗಿನಲ್ಲಿ ಬೆಳೆಯುವ ದವಸಧಾನ್ಯವನ್ನು ರಾಜ ಕಂಪನಿಗೆ ನ್ಯಾಯವಾದ ಬೆಲೆಗೆ ಒದಗಿಸಬೇಕು. ಬೇರೆ ಟೊಪ್ಪಿಕಾರರ, ಅಂದರೆ ಇಂಗ್ಲಿಷರನ್ನು ಬಿಟ್ಟು ಉಳಿದ ಬಿಳಿಯರ, ಸಹವಾಸ ಮಾಡಬಾರದು. ಪ್ರತಿಯಾಗಿ ಕೊಡಗಿನ ಸ್ವಾತಂತ್ರ್ಯಕ್ಕೆ ಕಂಪನಿ ಜವಾಬ್ದಾರಿ.

ಕೊನೆಯ ಷರತ್ತನ್ನು ಕಂಪನಿ ಎಷ್ಟು ಜವಾಬ್ದಾರಿಯಿಂದ ವಹಿಸಿಕೊಂಡಿತೆಂದರೆ, 1834ರಲ್ಲಿ ಆ ಸ್ವಾತಂತ್ರ್ಯವನ್ನು ಪೂರ್ತಿ ತನ್ನ ವಶಕ್ಕೇ ತೆಗೆದುಕೊಂಡಿತು. ಹಾಗಾಗಿ ಕೊಡಗಿನ ಆಕಾಶದಲ್ಲಿ ಸೂರ್ಯ ಚಂದ್ರರ ಆಯುಷ್ಯ 44 ವರ್ಷ ತುಂಬಲಿಲ್ಲ. ಕಕ್ಕಬೆಯಲ್ಲಿ ಮಳೆಗಾಲದ ತಿಂಗಳುಗಳನ್ನು ಕಳೆದು ಲೆಕ್ಕ ಹಾಕಿದರೆ ಇನ್ನೂ ಕಡಿಮೆ.

ನಡುವೆ ವ್ಯಾಪಾರವೂ ನಡೆದಿತ್ತು. ಜನರಲ್ ಅಬರ್‌ಕ್ರೊಂಬಿಯ ಬೊಂಬಾಯಿ ಸೇನೆ ಮಲಬಾರಿನಿಂದ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದದ್ದು ಕೊಡಗಿನ ಅಕ್ಕಿ ಉಂಡು, ಕೊಡಗಿನ ಎತ್ತುಗಳ ಮೇಲೆ ಸಾಮಾನು ಹೇರಿ. ಯುದ್ಧ ಮುಗಿದು ಸಂಧಿಯ ಮಾತುಕತೆ ಕೂತಾಗ, ತನ್ನ ರಾಜಧಾನಿಯ ಬಾಗಿಲಿಗೇ ಅಂಟಿಕೊಂಡಿರುವ ಕೊಡಗನ್ನು ಕಂಪನಿ ಕೇಳುವುದು ಯಾವ ನ್ಯಾಯ ಎಂದು ಟಿಪ್ಪು ಜಗಳ ತೆಗೆದ. ಭೂಪಟ ನೋಡಿದರೆ ಅವನ ಮಾತಿನಲ್ಲಿ ಹುರುಳಿತ್ತು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬಗ್ಗಲಿಲ್ಲ. ಕೊಡಗು ಟಿಪ್ಪುವಿನಿಂದ ಬಿಡುಗಡೆಯಾಯಿತು. ಬಿಡುಗಡೆಯ ಸಂತೋಷಕ್ಕೆ ಕಂಪನಿಗೆ ವರ್ಷಕ್ಕೆ 24,000 ರೂಪಾಯಿ ಕಪ್ಪ. 1799ರಲ್ಲಿ ಟಿಪ್ಪು ಸತ್ತ ಮೇಲೆ, ರಾಜನ ನಿಷ್ಠೆಗೆ ಮೆಚ್ಚಿ ಆ ಕಪ್ಪವನ್ನೂ ಮನ್ನಾ ಮಾಡಿದರು. ಅದರ ಬದಲು ವರ್ಷಕ್ಕೊಂದು ಆನೆ ಕಳಿಸಿದರೆ ಸಾಕು ಎಂದರು. ಅದೇ ವರ್ಷ ಪಕ್ಕದ ಮೈಸೂರಿನ ಮೇಲೆ ಹೇರಿದ ಕಪ್ಪ ಸುಮಾರು 24.5 ಲಕ್ಷ ರೂಪಾಯಿ. ಆನೆಗೆ ಇಷ್ಟು ಒಳ್ಳೆಯ ವಿನಿಮಯ ದರ ಸಿಕ್ಕಿದ್ದು ಚರಿತ್ರೆಯಲ್ಲಿ ಅದೊಂದೇ ಸಲ ಇರಬೇಕು.

ಆ ದರ ಈಗ ಕುಸಿದಿದೆ. ದಸರೆ ಬಂತೆಂದರೆ ದುಬಾರೆಯಿಂದ, ಮತ್ತಿಗೋಡಿನಿಂದ ಆನೆಗಳು ಲಾರಿ ಹತ್ತಿ ಮೈಸೂರಿಗೆ ಹೊರಡುತ್ತವೆ. 2020ರಿಂದ ಅಂಬಾರಿ ಹೊತ್ತ ಅಭಿಮನ್ಯು ಮತ್ತಿಗೋಡು ಶಿಬಿರದವನು. 2025ರ ಮೇ ತಿಂಗಳಲ್ಲಿ ವಿಧಾನಸೌಧದ ಮುಂದೆ ಸಮಾರಂಭ ಮಾಡಿ ಆಂಧ್ರಪ್ರದೇಶಕ್ಕೆ ಕುಮ್ಕಿ ಆನೆಗಳನ್ನು ಒಪ್ಪಿಸಿದರು. ಕಪ್ಪ ಕೊಡುವುದು ನಿಂತಿಲ್ಲ, ಪಡೆಯುವವರು ಬದಲಾಗಿದ್ದಾರೆ. ಪಳಗಿದವೆಲ್ಲ ಹೀಗೆ ಹೊರಗೆ ಹೋಗುತ್ತವೆ, ಪಳಗದವು ಕಾಫಿ ತೋಟದಲ್ಲಿ ನಮ್ಮ ಪಾಲಿಗೆ ಉಳಿಯುತ್ತವೆ.

1832ಕ್ಕೆ ಬರೋಣ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಸಹೋದರಿ ದೇವಮ್ಮಾಜಿ ಮತ್ತು ಆಕೆಯ ಗಂಡ ಚೆನ್ನಬಸವ ಗಡಿ ದಾಟಿ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಕ್ಯಾಸಮೇಜರನ ಆಶ್ರಯ ಬೇಡಿದರು. ರಾಜ ಅವರನ್ನು ಒಪ್ಪಿಸಿ ಎಂದ, ಕಂಪನಿ ಒಲ್ಲೆ ಎಂದಿತು. ಮಾತುಕತೆಗೆಂದು ಮಲಬಾರಿನಿಂದ ಕರುಣಾಕರ ಮೆನನ್ ಎಂಬ ಅಧಿಕಾರಿ ಬಂದರೆ, ರಾಜ ಅವರನ್ನೇ ಹಿಡಿದಿಟ್ಟುಕೊಂಡ. ನೆಂಟರನ್ನು ಕೊಡಿ, ಮೆನನ್‌ರನ್ನು ಕೊಡುತ್ತೇನೆ ಎಂಬ ಲೆಕ್ಕ. ಆಶ್ರಯ, ಹಸ್ತಾಂತರ, ಒತ್ತೆಯಾಳು: ಇಂದಿನ ಟಿವಿ ಚಾನೆಲ್‌ಗಳಿಗೆ ಒಂದು ತಿಂಗಳ ಊಟ. ಮಾಸ್ತಿಯವರಿಗೆ ಇದರಲ್ಲಿ ಜ್ಞಾನಪೀಠ ತಂದುಕೊಟ್ಟ ಕಾದಂಬರಿ ಕಂಡಿತು. ಕಂಪನಿಗೆ ಕಂಡದ್ದು ದಂಡೆತ್ತಿ ಬರಲು ಕಾರಣ. 1834ರ ಏಪ್ರಿಲ್ 6ರಂದು ಕರ್ನಲ್ ಫ್ರೇಸರ್ ಮಡಿಕೇರಿ ಹೊಕ್ಕ. ರಾಜ ಆ ಹೊತ್ತಿಗೆ ನಮ್ಮ ನಾಲ್ಕುನಾಡು ಅರಮನೆ ಸೇರಿದ್ದ. ಅಲ್ಲಿಂದಲೇ ಬಂದು ಶರಣಾದ.

ಮೇ 7ರಂದು ಫ್ರೇಸರ್ ಒಂದು ಘೋಷಣೆ ಹೊರಡಿಸಿದ. ಕೊಡಗಿನ ಜನ ತಾವೇ ಬ್ರಿಟಿಷ್ ಆಡಳಿತವನ್ನು ಬಯಸಿದ್ದಾರೆ, ಅವರ ಬಯಕೆಯನ್ನು ಮನ್ನಿಸಿ ಗವರ್ನರ್ ಜನರಲ್ ದೇಶವನ್ನು ಕಂಪನಿಗೆ ವಹಿಸುತ್ತಿದ್ದಾರೆ ಎಂಬುದು ಅದರ ತಾತ್ಪರ್ಯ. ಫಿರಂಗಿಗಳ ಸಮೇತ ಬಂದು ಜನಾಭಿಪ್ರಾಯ ಸಂಗ್ರಹಿಸುವ ಪದ್ಧತಿಗೆ ನಮ್ಮ ಸೀಮೆಯಲ್ಲಿ ಹೀಗೆ ಅಂಕುರಾರ್ಪಣೆಯಾಯಿತು. ಕೃತಜ್ಞತೆಗೆಂದು ಮೈಸೂರು ಗಡಿಯ ಕುಶಾಲನಗರಕ್ಕೆ ಫ್ರೇಸರ್‌ಪೇಟೆ ಎಂಬ ಹೆಸರೂ ಬಂತು. ಈಗ ಮತ್ತೆ ಕುಶಾಲನಗರವಾಗಿದೆ. ಶನಿವಾರ ಬೆಳಿಗ್ಗೆ ಅಲ್ಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಕುಶಲ ಎಲ್ಲಿದೆಯೆಂದು ಗೊತ್ತಾಗುವುದಿಲ್ಲ, ಆ ಮಾತು ಬೇರೆ.

ರಾಜನನ್ನು ಬೆಂಗಳೂರು, ವೆಲ್ಲೂರು ಸುತ್ತಿಸಿ ಕಾಶಿಯಲ್ಲಿಟ್ಟರು. ಅವನು 1852ರಲ್ಲಿ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಹುಡುಗಿಗೆ ಜೂನ್ 30ರಂದು ದೀಕ್ಷಾಸ್ನಾನ, ವಿಕ್ಟೋರಿಯಾ ರಾಣಿಯೇ ಧರ್ಮತಾಯಿ, ರಾಣಿಯದ್ದೇ ಹೆಸರು. ಅಪ್ಪನ ಕೆಲಸ ಬೇರೆ ಇತ್ತು. ಕೊಡಗಿನ ಅರಸು ಮನೆತನ ಹಿಂದೆ ಕಂಪನಿಯ ಸಾಲಪತ್ರಗಳಲ್ಲಿ ದುಡ್ಡು ಹೂಡಿತ್ತು. ತಿಳಿಯಾಗಿ ಹೇಳುವುದಾದರೆ, ಕಂಪನಿಗೆ ಕೊಡಗಿನವರು ಸಾಲ ಕೊಟ್ಟಿದ್ದರು. 1834ರಲ್ಲಿ ಸಾಲ ತೆಗೆದುಕೊಂಡವನು ಸಾಲ ಕೊಟ್ಟವನ ಮನೆಗೆ ನುಗ್ಗಿ, ಅವನನ್ನು ಹೊರಹಾಕಿ, ಅಸಲು ಬಡ್ಡಿ ಎರಡನ್ನೂ ತನ್ನ ಬಳಿಯೇ ಇಟ್ಟುಕೊಂಡ. ರಾಜ ಅದನ್ನು ಕೇಳಲು ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯದ ಮೆಟ್ಟಿಲೇರಿದ. ತೀರ್ಪು ಬಂದದ್ದು 1860ರಲ್ಲಿ, ರಾಜ ಸತ್ತು ಒಂದು ವರ್ಷವಾದ ಮೇಲೆ: ಇದು ಸಾರ್ವಭೌಮ ಸತ್ತೆಯೊಂದು ನಡೆಸಿದ ಕಾರ್ಯ, ನ್ಯಾಯಾಲಯ ಇದರಲ್ಲಿ ಕೈಹಾಕುವಂತಿಲ್ಲ. ಗಮನಿಸಿ, ಸಾಲ ಪಡೆಯುವಾಗ ಕಂಪನಿ ವ್ಯಾಪಾರಿ, ತೀರಿಸುವ ಹೊತ್ತಿಗೆ ಸಾರ್ವಭೌಮ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ನಮ್ಮ ಗಾದೆಯನ್ನು ಅಂತರರಾಷ್ಟ್ರೀಯ ಕಾನೂನಿನ ಪುಸ್ತಕಗಳಿಗೆ ಸೇರಿಸಲು ಇದಕ್ಕಿಂತ ಒಳ್ಳೆಯ ಮೊಕದ್ದಮೆ ಸಿಗದು.

ಘಟ್ಟದ ಕೆಳಗಿನವರ ಕಥೆ ಇನ್ನೊಂದು. ಅಮರ ಸುಳ್ಯ, ಪಂಜ, ಬೆಳ್ಳಾರೆಗಳು ಕೊಡಗಿನ ರಾಜನ ಕೈಯಲ್ಲಿದ್ದವು. 1834ರಲ್ಲಿ ಅವನ್ನು ಬಿಡಿಸಿ ಕೆನರಾ ಜಿಲ್ಲೆಗೆ ಅಂಟಿಸಿದರು. ರಾಜನ ಕಾಲದಲ್ಲಿ ಕಂದಾಯಕ್ಕೆ ಭತ್ತ ಅಳೆದರೆ ಆಗುತ್ತಿತ್ತು, ಕಂಪನಿ ನಗದು ಕೇಳಿತು. ಭತ್ತ ಗದ್ದೆಯಲ್ಲಿ ಬೆಳೆಯುತ್ತದೆ, ನಗದು ಮಂಗಳೂರಿನ ಸಾಹುಕಾರರ ಮನೆಯಲ್ಲಿ. 1837ರಲ್ಲಿ ರೈತರು ದಂಗೆಯೆದ್ದು ಮಂಗಳೂರಿನವರೆಗೂ ಹೋದರು. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಫ್ರೇಸರ್ ಹೇಳಿದ್ದ ಜನರ ಬಯಕೆಗೆ ಮೂರು ವರ್ಷ ತುಂಬಿತ್ತು. ವ್ಯಂಗ್ಯಕ್ಕೆ ಇಲ್ಲಿ ಕೆಲಸವಿಲ್ಲ, ಮುಂದೆ ಹೋಗೋಣ.

ಸ್ವಾತಂತ್ರ್ಯ ಬಂತು. ಕೊಡಗು ‘ಸಿ’ ದರ್ಜೆಯ ರಾಜ್ಯವಾಯಿತು. 1952ರಲ್ಲಿ ಚುನಾವಣೆ: 24 ಸ್ಥಾನಗಳ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಮಂತ್ರಿಮಂಡಲದಲ್ಲಿ ಒಟ್ಟು ಇಬ್ಬರು. ಇಬ್ಬರು ಮಂತ್ರಿಗಳಲ್ಲಿ ಒಬ್ಬರು ಮುಖ್ಯಮಂತ್ರಿಯಾದರೆ ಬಂಡಾಯ ಏಳಲು ಉಳಿಯುವವರು ಒಬ್ಬರೇ. ಇಂದಿನ ಬೆಂಗಳೂರಿನ ರಾಜಕಾರಣಿಗಳಿಗೆ ಈ ಏರ್ಪಾಟಿನ ಸೌಖ್ಯ ಅರ್ಥವಾಗಲಾರದು. ಮೈಸೂರಿನೊಂದಿಗೆ ವಿಲೀನ ಬೇಕೋ ಬೇಡವೋ ಎಂಬುದೇ ಆ ಚುನಾವಣೆಯ ಮುಖ್ಯ ಪ್ರಶ್ನೆ. ಬೇಡ ಎಂದವರು ತಕ್ಕಡಿ ಗುರುತಿನವರು. ಅವರ ಮುಂದಾಳು ‘ಕೊಡಗಿನ ಗಾಂಧಿ’ ಎನಿಸಿಕೊಂಡಿದ್ದ ಪಂದ್ಯಂಡ ಬೆಳ್ಯಪ್ಪ. ಕಾಂಗ್ರೆಸ್ಸಿಗೆ 15 ಬಂತು, ಉಳಿದವರಿಗೆ 9. ತಕ್ಕಡಿ ಯಾವ ಕಡೆ ವಾಲಿತೆಂದು ಹೇಳಬೇಕಿಲ್ಲ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದೊಳಗಿನ ಒಂದು ಜಿಲ್ಲೆಯಾಯಿತು.

ಇದು ದಂಡೆತ್ತಿ ಬಂದ ವಿಲೀನವಲ್ಲ, ಮತ ಎಣಿಸಿ ಆದದ್ದು. ಕನ್ನಡ ನಾಡು ಒಂದಾಗಲಿ ಎಂದು ಹಂಬಲಿಸಿದ ಕೊಡಗಿನವರೂ ಬೇಕಾದಷ್ಟಿದ್ದರು. ಒಪ್ಪೋಣ. ಆದರೆ ಉಳಿತಾಯದ ಲೆಕ್ಕವನ್ನೂ ನೋಡಬೇಕಲ್ಲ. ಅಂದು ಕೊಡಗಿಗೆ 24 ಶಾಸಕರು, ಇಂದು 2. ಅಂದು ಲೋಕಸಭೆಗೆ ಕೊಡಗಿನದೇ ಒಬ್ಬ ಸದಸ್ಯ. ಆಮೇಲೆ ದಶಕಗಳ ಕಾಲ ಮಂಗಳೂರು ಕ್ಷೇತ್ರದ ಬಾಲವಾಗಿ, 2009ರಿಂದ ಮೈಸೂರಿನ ಬಾಲವಾಗಿ ದೆಹಲಿಗೆ ಹೋಗುತ್ತಿದ್ದೇವೆ. ಎಷ್ಟು ದೂರ ಹೋದರೂ ಬಾಲಕ್ಕೆ ಹಿಂದಿನದೇ ನೋಟ. 2024ರಲ್ಲಿ ಆ ಕ್ಷೇತ್ರದಿಂದ ಗೆದ್ದವರು ಮೈಸೂರು ಅರಮನೆಯ ಯದುವೀರ ಒಡೆಯರ್. ಅವರ ತಪ್ಪೇನೂ ಇಲ್ಲ, ಮತ ಹಾಕಿದವರು ನಾವೇ. ಆದರೂ ಆ ಹಳೆಯ ರೆಸಿಡೆಂಟ್ ಸಾಹೇಬರು ಎದ್ದು ಬಂದರೆ ಅಸೂಯೆಪಟ್ಟಾರು. ಅವರು ಮೈಸೂರು ಅರಮನೆಯ ಹೊರಗಿದ್ದುಕೊಂಡು ಕೊಡಗನ್ನು ಸಂಭಾಳಿಸಬೇಕಾಗಿತ್ತು.

ಪಶ್ಚಿಮದ ನೆರೆಯವರೊಂದಿಗೆ ನಮ್ಮ ಸಂಬಂಧ ಬೇರೆ ಬಗೆಯದು. ತಡಿಯಂಡಮೋಳಿನ ಆಚೆಗೆ ಮಲಬಾರು. ಇಗ್ಗುತ್ತಪ್ಪ ಬಂದದ್ದೇ ಆ ಕಡೆಯಿಂದ ಎನ್ನುತ್ತದೆ ಐತಿಹ್ಯ. ಅವನ ಒಡಹುಟ್ಟಿದವರಲ್ಲಿ ಒಬ್ಬ ಇಂದಿನ ಕಣ್ಣೂರು ಜಿಲ್ಲೆಯ ಪಯ್ಯಾವೂರಿನಲ್ಲಿ ನೆಲೆಸಿದ. ಅಲ್ಲಿನ ಶಿವ ದೇವಾಲಯದ ಊಟದ ಉತ್ಸವಕ್ಕೆ ವರ್ಷವರ್ಷವೂ ಕೊಡಗಿನಿಂದ ಎತ್ತುಗಳ ಮೇಲೆ ಅಕ್ಕಿ ಹೋಗುತ್ತದೆ. ಟಿಪ್ಪು ಇದ್ದಾಗ, ಕಂಪನಿ ಇದ್ದಾಗ, ‘ಸಿ’ ರಾಜ್ಯವಿದ್ದಾಗ ಯಾರ ಸಹಿ ಇತ್ತೋ ಇಲ್ಲವೋ, ದೇವರಿಬ್ಬರ ನಡುವಿನ ಈ ಒಡಂಬಡಿಕೆಗೆ ನವೀಕರಣದ ಅರ್ಜಿ ಬೇಕಾದಂತಿಲ್ಲ. ಮನುಷ್ಯರ ವಿಷಯ ಹಾಗಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಮಾಕುಟ್ಟದಲ್ಲಿ ಕೇರಳದ ಕಡೆಯ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದರು. ವೈರಾಣು ಲಾರಿಯಲ್ಲೇ ಬರುತ್ತದೆಂದು ಯಾರು ಹೇಳಿದ್ದರೋ.

ವೈರಾಣುವಿನ ಆಮದಿನಲ್ಲಿ ಕಕ್ಕಬೆಗೆ ಹಳೆಯ ಅನುಭವವಿದೆ. ಜೇನಿಗೆ ಹೆಸರಾದ ಊರು ನಮ್ಮದು. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಥಾಯ್ಲೆಂಡಿನ ಹೆಸರು ಕಕ್ಕಬೆಯ ಅಜ್ಜಂದಿರ ಬಾಯಿಗೆ ಬಂದದ್ದು ಹೀಗೆ. ವಿಯೆಟ್ನಾಮಿನ ಹೆಸರು ಬಂದದ್ದು ಕರಿಮೆಣಸಿನಿಂದ. ಅಲ್ಲಿನ ಮೆಣಸು ಶ್ರೀಲಂಕಾದ ಸುಂಕ ರಿಯಾಯಿತಿಯ ಹಾದಿ ಹಿಡಿದು ಭಾರತಕ್ಕೆ ನುಸುಳುತ್ತಿದೆ ಎಂಬ ಕೂಗು ಎದ್ದಿತು. 2017ರಲ್ಲಿ ಗೋಣಿಕೊಪ್ಪದ ಮಾರುಕಟ್ಟೆಯಂಗಳಕ್ಕೂ ಅದು ಬಂದಿದೆಯೆಂದು ಗಲಾಟೆಯಾಯಿತು. ಮೆಣಸು ಬೆಳೆಯುವ ಊರಿಗೇ ಮೆಣಸು ತಂದು, ಊರಿನ ಹೆಸರು ಹಚ್ಚಿ ಮಾರುವ ಜಾಣತನ! ಆ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಗಿಂತ ಕಡಿಮೆಯ ಮೆಣಸು ಆಮದಾಗಕೂಡದೆಂದು ಆಜ್ಞೆ ಮಾಡಿತು. ಕೊಡಗಿನ ಮೆಣಸಿನ ಬಳ್ಳಿಯ ಭವಿಷ್ಯ ಕೊಲಂಬೊ, ಹನೋಯ್, ದೆಹಲಿಗಳ ನಡುವೆ ತೀರ್ಮಾನವಾಗುತ್ತದೆಂದು ಬಳ್ಳಿಗೆ ಇನ್ನೂ ಯಾರೂ ಹೇಳಿಲ್ಲ. ಹೇಳದಿರುವುದೇ ಮೇಲು, ಈಗಲೇ ಸೊರಗು ರೋಗ ಜಾಸ್ತಿ.

ವಾರಾಂತ್ಯದ ನಿಯೋಗಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಾಲ್ಕುನಾಡು ಅರಮನೆಯ ಮುಂದೆ ಕಾರು ನಿಲ್ಲಿಸಿ, ಕಂಪನಿ ಮತ್ತು ಕೊಡಗಿನ ನಾಲ್ಕು ದಶಕಗಳ ವ್ಯವಹಾರಕ್ಕೆ ಸಾಕ್ಷಿಯಾದ ಕಂಬಕ್ಕೊರಗಿ ಫೋಟೋ ತೆಗೆಸಿಕೊಂಡು, ಇಲ್ಲಿ ನೋಡಲು ಏನಿದೆ ಎಂದು ಕೇಳಿ ಹೋಗುತ್ತಾರೆ. ತಡಿಯಂಡಮೋಳ್ ಹತ್ತಲು ಈಗ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಗಡ ಟಿಕೆಟ್ ಬೇಕು. ಬೆಟ್ಟಕ್ಕೆ ವೀಸಾ ಜಾರಿಯಾಗಿದೆ ಎಂದಾಯಿತು. ವೀಸಾ ಕೊಡುವ ರಾಜಧಾನಿ ಯಥಾಪ್ರಕಾರ ಬೆಂಗಳೂರು.

ಕಾವೇರಿಯ ಮಾತು ಬಿಟ್ಟರೆ ಈ ನೀತಿಪತ್ರ ಪೂರ್ತಿಯಾಗದು. ಹುಟ್ಟುವುದು ತಲಕಾವೇರಿಯಲ್ಲಿ. ಅವಳ ನೀರಿನ ಬಗ್ಗೆ 1892ರಲ್ಲಿ ಒಪ್ಪಂದ ಮಾಡಿಕೊಂಡವರು ಮೈಸೂರು ಮತ್ತು ಮದ್ರಾಸು. 1924ರಲ್ಲಿ ಮತ್ತೆ ಒಪ್ಪಂದ ಮಾಡಿಕೊಂಡವರು ಮದ್ರಾಸು ಮತ್ತು ಮೈಸೂರು. ಹೆಣ್ಣಿನ ಕಡೆಯವರನ್ನು ಕರೆಯದೆ ಎರಡು ಸಲ ಮಾತುಕತೆ ಮುಗಿಸಿದ ಮದುವೆ ಇದು. ಅದೇ 1924ರಲ್ಲಿ ಕೊಡಗಿಗೊಂದು ಶಾಸನ ಪರಿಷತ್ತನ್ನು ದಯಪಾಲಿಸಿದ್ದರು, 15 ಮಂದಿ ಆರಿಸಿ ಬಂದವರು, 5 ಮಂದಿ ನಾಮಕರಣಗೊಂಡವರು. ಕೊಡಗಿನ ಪರವಾಗಿ ತಕರಾರು ಎತ್ತಬೇಕಾಗಿದ್ದ ಚೀಫ್ ಕಮಿಷನರರು ಎತ್ತಿದ್ದರೂ ಅದು ಹೋಗಿ ಮುಟ್ಟಬೇಕಾಗಿದ್ದದ್ದು ಮೈಸೂರು ರೆಸಿಡೆಂಟರಿಗೆ.

ನೀರು ಹಂಚುವ ಕೆಲಸ 1990ರಲ್ಲಿ ನ್ಯಾಯಮಂಡಳಿಗೆ ಹೋಯಿತು. 2007ರಲ್ಲಿ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ತಿದ್ದುಪಡಿ. ತಮಿಳುನಾಡಿಗೆ 404.25 ಟಿಎಂಸಿ, ಕರ್ನಾಟಕಕ್ಕೆ 284.75, ಕೇರಳಕ್ಕೆ 30. ಕೊಡಗು ಕರ್ನಾಟಕದ ಲೆಕ್ಕದಲ್ಲಿ ಅಡಗಿದೆ, ಸರಿ. ಆದರೆ ಪಟ್ಟಿಯ ಕೊನೆಯ ಸಾಲು ನೋಡಿ: ಪುದುಚೇರಿಗೆ 7 ಟಿಎಂಸಿ. ಕಾವೇರಿ ಸಮುದ್ರ ಸೇರುವ ಮುಖಜ ಭೂಮಿಯಲ್ಲಿ ಕಾರೈಕಾಲ್ ಎಂಬ ಒಂದು ತುಣುಕು ಫ್ರೆಂಚರ ಕೈಯಲ್ಲಿತ್ತು. ಫ್ರೆಂಚರು ಹೋದರು, ತುಣುಕು ಪ್ರತ್ಯೇಕವಾಗಿಯೇ ಉಳಿಯಿತು, ಅದರ ಹೆಸರಿಗೆ ನೀರೂ ಬಂತು. ನದಿ ಹುಟ್ಟುವ ನಾಡಿನ ಹೆಸರಿಗೆ ಪ್ರತ್ಯೇಕ ಸಾಲಿಲ್ಲ, ನದಿ ಸಾಯುವ ಜಾಗದ ಫ್ರೆಂಚ್ ತುಂಡಿಗಿದೆ.

ದೊಡ್ಡವೀರರಾಜೇಂದ್ರ ಎಡವಿದ್ದು ಎಲ್ಲಿ ಎಂದು ಈಗ ಹೊಳೆಯುತ್ತದೆ. ಬೇರೆ ಟೊಪ್ಪಿಕಾರರ ಸಹವಾಸ ಮಾಡುವುದಿಲ್ಲ ಎಂದು 1790ರಲ್ಲಿ ಬರೆದುಕೊಟ್ಟುಬಿಟ್ಟ. ಆಗ ಫ್ರೆಂಚರು ದೂರವೇನಿರಲಿಲ್ಲ, ತಲಚೇರಿಯ ಮಗ್ಗುಲಿಗೇ ಮಾಹೆಯಲ್ಲಿದ್ದರು. ಸಂಜೆ ಒಂದು ಸುತ್ತು ಅಲ್ಲಿಗೂ ಹೋಗಿ, ಅವರ ಟೊಪ್ಪಿಯನ್ನೂ ಸ್ವಲ್ಪ ವಿಚಾರಿಸಿ ಬಂದಿದ್ದರೆ ಕೊಡಗೂ ಈಗ ಕೇಂದ್ರಾಡಳಿತ ಪ್ರದೇಶವಾಗಿರುತ್ತಿತ್ತು, ಪಟ್ಟಿಯಲ್ಲಿ ಸ್ವಂತ ಟಿಎಂಸಿ ಇರುತ್ತಿತ್ತು. ಕಕ್ಕಬೆಯ ಅಂಗಡಿಯಲ್ಲಿ ಬಾಟಲಿಗೆ ಮಾಹೆಯ ದರವೂ ಇರುತ್ತಿತ್ತು. ಇಷ್ಟು ದೂರದೃಷ್ಟಿಯಿಲ್ಲದ ಸಂಧಿಗೆ ಕೊಡವನೊಬ್ಬ ಹೇಗೆ ಒಪ್ಪಿದ ಎಂದು ನೀವು ಕೇಳಬಹುದು. ರಾಜ ಕೊಡವನಲ್ಲ, ಲಿಂಗಾಯತ ಹಾಲೇರಿ ವಂಶದವನು. ಬಾಟಲಿಯ ಷರತ್ತು ಅವನಿಗೆ ನೆನಪಾಗದೇ ಇದ್ದದ್ದು ಸಹಜ.